ಉರಿಯದ ಟ್ಯೂಬ್‌ಲೈಟ್: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮಲೆನಾಡಿನ ಸಾಗರ ಪೇಟೆಯ ಹತ್ತಿರದ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿ ನಾಲ್ಕಡಿಯ ಟ್ಯೂಬ್‌ಲೈಟ್ ಒಂದಿದೆ. ಒಂದು ಮಳೆಗಾಲದ ಸಂಜೆ ಅದು ಉರಿಯಲಿಲ್ಲ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪೇಟೆಗೆ ಹೋಗಿ ಹೊಸ ಟ್ಯೂಬ್ ತಂದು ಹಾಕಿದೆ. ಸ್ವಿಚ್ ಒತ್ತಿದಾಗ ಎರಡೂ ತುದಿಗಳು ಒಮ್ಮೆ ಝಗ್ಗೆಂದು ಮಿಂಚಿ ಮತ್ತೆ ಕತ್ತಲಾಯಿತು. ಅಂಗಡಿಯವನು ಕೆಟ್ಟ ಮಾಲು ಕೊಟ್ಟನೆಂದು ಬೈದುಕೊಂಡು, ನಡುಮನೆಯಲ್ಲಿ ಚೆನ್ನಾಗಿ ಉರಿಯುತ್ತಿದ್ದ ಟ್ಯೂಬನ್ನೇ ಬಿಚ್ಚಿ ತಂದು ಹಾಕಿದೆ. ಅದೂ ಹಾಗೆಯೇ ಒಮ್ಮೆ ಮಿಂಚಿ ಸತ್ತಿತು. ಅಮ್ಮ ಚಿಮಣಿ ದೀಪ ಹಚ್ಚಿಕೊಂಡು ದೋಸೆ ಎರೆಯುತ್ತ, "ಜಗಲಿಯದೊಂದು ಉಳಿದಿದೆಯಲ್ಲ ಮಾರಾಯ, ಅದನ್ನೂ ತಂದು ಸುಡುತ್ತೀಯಾ?" ಎಂದು ಕೇಳಿದಳು.

ಒಳಗೆ ಚೋಕ್ ಶಾರ್ಟ್ ಆಗಿತ್ತು. ಟ್ಯೂಬಿಗೆ ಹೋಗುವ ಕರೆಂಟನ್ನು ಹಿಡಿದಿಡುವುದು ಅದರ ಕೆಲಸ. ಅದೇ ಕೈಬಿಟ್ಟ ಮೇಲೆ ಎಷ್ಟು ಟ್ಯೂಬ್ ತಂದು ಹಾಕಿದರೂ ಅಷ್ಟನ್ನೂ ಅದು ಸುಡುತ್ತಿತ್ತು. ಆ ಸಂಜೆ ಎರಡು ಟ್ಯೂಬುಗಳ ಬೆಲೆ ತೆತ್ತು ಕಲಿತದ್ದು ಇಷ್ಟು: ಅನುಮಾನ ಇರುವ ಟ್ಯೂಬನ್ನು ಸರಿಯಾಗಿ ಉರಿಯುವ ಪಟ್ಟಿಗೆ (ಟ್ಯೂಬ್ ಕೂರುವ ಉದ್ದನೆಯ ಚೌಕಟ್ಟಿಗೆ) ಒಯ್ದು ನೋಡಬೇಕು, ಸರಿಯಿರುವ ಟ್ಯೂಬನ್ನು ಅನುಮಾನದ ಪಟ್ಟಿಗೆ ತರಬಾರದು. ಕೆಟ್ಟ ಟ್ಯೂಬನ್ನೋ ಅದನ್ನು ಹೊತ್ತಿಸುವ ಸ್ಟಾರ್ಟರನ್ನೋ ಒಳ್ಳೆಯ ಪಟ್ಟಿಯಲ್ಲಿ ಅರ್ಧ ನಿಮಿಷ ಹಾಕಿ ನೋಡಿದರೆ ಹಾನಿಯಿಲ್ಲ, ಅಲ್ಲಿನ ಚೋಕ್ ಕಾವಲಿಗಿರುತ್ತದೆ. ಮನೆಯಲ್ಲಿ ಎರಡು ಟ್ಯೂಬ್‌ಲೈಟ್ ಇದ್ದವರಿಗೆ ಮೀಟರ್ ಬೇಕಿಲ್ಲ, ಉರಿಯುತ್ತಿರುವುದೇ ಅವರ ಮೀಟರ್. ಮುಂದೆ ಹೇಳುವುದೆಲ್ಲ ಈ ಕ್ರಮವನ್ನು ಹಿಡಿದೇ ಸಾಗುತ್ತದೆ.

ಸ್ವಿಚ್ ಒತ್ತಿದ ಮೇಲೆ ನಡೆಯುವುದು

ಪಟ್ಟಿಯೊಳಗಿನ ಸಂಸಾರ ಚಿಕ್ಕದು: ಟ್ಯೂಬ್, ಚೋಕ್, ಸ್ಟಾರ್ಟರ್, ಎರಡು ಹೋಲ್ಡರ್, ನಾಲ್ಕೈದು ತುಂಡು ವೈರ್. ಫೇಸ್ ವೈರು ಚೋಕಿನೊಳಗೆ ಹಾದು ಟ್ಯೂಬಿನ ಒಂದು ತುದಿಯ ಫಿಲಮೆಂಟಿಗೆ, ಅಂದರೆ ಕಾಯುವ ತೆಳು ತಂತಿಗೆ, ಬರುತ್ತದೆ. ಅಲ್ಲಿಂದ ಸ್ಟಾರ್ಟರಿಗೆ, ಸ್ಟಾರ್ಟರಿನಿಂದ ಇನ್ನೊಂದು ತುದಿಯ ಫಿಲಮೆಂಟಿಗೆ, ಕೊನೆಗೆ ನ್ಯೂಟ್ರಲ್‌ಗೆ. ಮಾಲೆಯ ಹೂಗಳಂತೆ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂಥವು. ದಾರ ಎಲ್ಲಿ ಹರಿದರೂ ಇಡೀ ಮಾಲೆ ಬಿದ್ದುಹೋಗುತ್ತದೆ.

ಸ್ಟಾರ್ಟರಿನ ಡಬ್ಬಿ ಬಿಚ್ಚಿದರೆ ಒಳಗೆ ಒಂದು ಪುಟ್ಟ ಗಾಜಿನ ಗುಳ್ಳೆ, ಅದರ ಪಕ್ಕದಲ್ಲಿ ಒಂದು ಸಣ್ಣ ಕೆಪಾಸಿಟರ್ ಕಾಣುತ್ತವೆ. ಸ್ವಿಚ್ ಒತ್ತಿದಾಗ ಗುಳ್ಳೆಯೊಳಗಿನ ಅನಿಲ ಮಿನುಗುತ್ತದೆ. ಆ ಬಿಸಿಗೆ, ಎರಡು ಲೋಹ ಬೆಸೆದು ಮಾಡಿದ ತಗಡು ಬಾಗಿ ಎದುರಿನ ಕಡ್ಡಿಗೆ ತಾಗುತ್ತದೆ. ತಾಗಿದೊಡನೆ ಕರೆಂಟ್ ಹರಿದು ಎರಡೂ ಫಿಲಮೆಂಟುಗಳು ಕೆಂಪಗೆ ಕಾಯುತ್ತವೆ. ಇತ್ತ ಗುಳ್ಳೆಯ ಮಿನುಗು ನಿಂತಿರುವುದರಿಂದ ತಗಡು ತಣಿದು ಹಿಂದಕ್ಕೆ ಸರಿಯುತ್ತದೆ. ಹರಿಯುತ್ತಿದ್ದ ಕರೆಂಟು ಹೀಗೆ ಹಠಾತ್ತನೆ ಕಡಿದಾಗ ಚೋಕ್ ನೂರಾರು ವೋಲ್ಟಿನ ಒಂದು ಒದೆ ಕೊಡುತ್ತದೆ. ಆ ಒದೆಗೆ ಟ್ಯೂಬ್ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಲೆ ಟ್ಯೂಬಿನ ಎರಡು ತುದಿಗಳ ನಡುವೆ ಉಳಿಯುವುದು ಸುಮಾರು 100 ವೋಲ್ಟ್. ಅಷ್ಟಕ್ಕೆ ಸ್ಟಾರ್ಟರ್ ಮತ್ತೆ ಮಿನುಗುವುದಿಲ್ಲ. ಉರಿಯುತ್ತಿರುವ ಟ್ಯೂಬಿನ ಸ್ಟಾರ್ಟರನ್ನು ಕಿತ್ತು ಜೇಬಿಗೆ ಹಾಕಿಕೊಂಡರೂ ದೀಪ ಆರದಿರುವುದು ಇದಕ್ಕೇ.

ಇಷ್ಟೆಲ್ಲ ಆಗಲು ಎರಡು ಮೂರು ಸೆಕೆಂಡು ಹಿಡಿಯುತ್ತದೆ. ತಮಾಷೆ ಕೇಳಿ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುವವರಿಗೆ ಟ್ಯೂಬ್‌ಲೈಟ್ ಎಂಬ ಹೆಸರು ಬಂದದ್ದು ಈ ತಡದಿಂದಲೇ. ಈಗಿನ ಮಕ್ಕಳು ಸ್ವಿಚ್ ಒತ್ತಿದ ಕ್ಷಣ ಹೊತ್ತುವ ದೀಪಗಳನ್ನೇ ನೋಡಿ ಬೆಳೆದವರು. ಅವರಿಗೆ ಈ ಬೈಗುಳ ತಿಳಿಯುವುದೂ ತಡವಾಗಿಯೇ.

ಕೈ ಹಾಕುವ ಮೊದಲು

ಗೋಡೆಯ ಸ್ವಿಚ್ ಆರಿಸಿದರೆ ಸಾಕೆಂದು ನಂಬಬೇಡಿ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ವೈರಿಗೆ ಹಾಕಿರುವುದು ಅಪರೂಪವೇನಲ್ಲ. ಅಂಥ ಕಡೆ ಸ್ವಿಚ್ ಆರಿಸಿದ್ದರೂ ಪಟ್ಟಿಯಲ್ಲಿ ಫೇಸ್ ಹಾಗೆಯೇ ಕುಳಿತಿರುತ್ತದೆ. ಎಂಸಿಬಿ (ಕರೆಂಟು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಇಳಿಸಿ ಅಥವಾ ಮೇನ್ ಸ್ವಿಚ್ ಆರಿಸಿ, ಆಮೇಲೆ ಟೆಸ್ಟರ್ ಹಿಡಿದು ನೋಡಿ. ಆ ಟೆಸ್ಟರ್ ಸರಿಯಿದೆಯೇ ಎಂಬುದನ್ನು ಮೇನ್ ಆರಿಸುವ ಮೊದಲೇ ಕರೆಂಟ್ ಇರುವ ಪ್ಲಗ್ಗಿನಲ್ಲಿ ಒಮ್ಮೆ ನೋಡಿಟ್ಟುಕೊಂಡಿರಬೇಕು. ಒಣಗಿದ ಮರದ ಸ್ಟೂಲ್, ಕಾಲಿಗೆ ರಬ್ಬರ್ ಚಪ್ಪಲಿ, ಕೆಳಗೆ ಟ್ಯೂಬ್ ಹಿಡಿದುಕೊಳ್ಳಲು ಒಬ್ಬರು. ಕೆಲಸ ಹಗಲಿನಲ್ಲೇ ಆಗಲಿ. ಕತ್ತಲಲ್ಲಿ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ಚೋಕ್ ಬಿಚ್ಚಿದ ಅನುಭವ ನನಗಿದೆ, ಅದನ್ನು ಯಾರಿಗೂ ಹೇಳಿಕೊಡಲಾರೆ.

ಟ್ಯೂಬ್ ತೆಗೆಯುವಾಗ ಎರಡು ತುದಿಗಳ ಹತ್ತಿರ ಗಾಜನ್ನು ಹಿಡಿದು, ಎರಡೂ ಕೈಗಳಿಂದ ಒಟ್ಟಿಗೆ ಕಾಲು ಸುತ್ತು ತಿರುಗಿಸಿ ಕೆಳಕ್ಕೆಳೆಯಬೇಕು. ಒಂದೇ ಕೈಯಿಂದ ತಿರುಗಿಸಿದರೆ ತುದಿಯ ಲೋಹದ ಟೋಪಿ ಗಾಜಿನಿಂದ ಕಳಚಿಕೊಳ್ಳುತ್ತದೆ. ಸ್ಪ್ರಿಂಗ್ ಇರುವ ಹೋಲ್ಡರಾದರೆ ತಿರುಗಿಸುವ ಗೊಡವೆಯಿಲ್ಲ, ಒಂದು ಹೋಲ್ಡರನ್ನು ಹೊರಕ್ಕೆ ಒತ್ತಿದರೆ ಟ್ಯೂಬ್ ಬಿಟ್ಟುಕೊಳ್ಳುತ್ತದೆ.

ಕಿರು ಮಿನುಗೂ ಇಲ್ಲ

ಸ್ವಿಚ್ ಒತ್ತಿದರೆ ಟ್ಯೂಬ್ ಸತ್ತಂತಿದೆ, ತುದಿಯಲ್ಲೂ ಕೆಂಪಿಲ್ಲ, ಸ್ಟಾರ್ಟರಿನಲ್ಲೂ ಮಿನುಗಿಲ್ಲ. ಅದೇ ಕೋಣೆಯ ಫ್ಯಾನ್ ತಿರುಗುತ್ತಿದೆಯೇ ನೋಡಿ. ತಿರುಗುತ್ತಿದ್ದರೆ ಕರೆಂಟ್ ಕೋಣೆಯವರೆಗೆ ಬಂದಿದೆ.

ಆಮೇಲೆ ಕೈ ಹೋಗಬೇಕಾದದ್ದು ಹೋಲ್ಡರಿಗೆ. ಟ್ಯೂಬನ್ನು ಅದರ ಜಾಗದಲ್ಲೇ ಸ್ವಲ್ಪ ಆಚೀಚೆ ತಿರುಗಿಸಿದಾಗ ದೀಪ ಬಂದರೆ ಕೆಲಸ ಅಲ್ಲಿಗೇ ಮುಗಿಯಿತು. ಮಲೆನಾಡಿನ ಆರ್ದ್ರತೆಗೆ, ಕರಾವಳಿಯ ಉಪ್ಪುಗಾಳಿಗೆ ಹೋಲ್ಡರಿನೊಳಗಿನ ಹಿತ್ತಾಳೆಯ ನಾಲಿಗೆಗಳು ಹಸಿರುಗಟ್ಟುತ್ತವೆ. ಅಡುಗೆಮನೆಯಲ್ಲಿ ಒಗ್ಗರಣೆಯ ಜಿಡ್ಡು ಅದರ ಮೇಲೆ ಕೂರುತ್ತದೆ. ಮೇನ್ ಆರಿಸಿ ಟ್ಯೂಬಿನ ನಾಲ್ಕೂ ಪಿನ್ನುಗಳನ್ನು ನಯವಾದ ಮರಳುಕಾಗದದಿಂದ ಉಜ್ಜಿ, ನಾಲಿಗೆಗಳನ್ನು ಕೆರೆದು ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪ್ಲಾಸ್ಟಿಕ್ ಕಂದಿ ಬಿರುಕು ಬಿಟ್ಟಿದ್ದರೆ ಅಥವಾ ನಾಲಿಗೆಯ ಬಿಗಿ ಹೋಗಿದ್ದರೆ ಹೋಲ್ಡರನ್ನೇ ಬದಲಿಸಿ. ಅದರ ಬೆಲೆ ಹೆಚ್ಚಲ್ಲ. ಪಟ್ಟಿಯೊಳಗೆ ಇಣುಕಿದಾಗ ಹಲ್ಲಿಯ ಮೊಟ್ಟೆ, ಕುಂಬಾರ ಹುಳದ ಮಣ್ಣಿನ ಗೂಡು, ಇರುವೆಗಳ ಸಾಲು ಕಂಡರೆ ಆಶ್ಚರ್ಯಪಡಬೇಡಿ. ಸ್ಟಾರ್ಟರ್ ಕೂರುವ ಗೂಡಿನಲ್ಲಿ ಇರುವೆ ಸತ್ತು ಬಿದ್ದು ತಾಗುವಿಕೆ ತಪ್ಪಿದ್ದನ್ನು ನಾನೇ ಕಂಡಿದ್ದೇನೆ.

ಹೋಲ್ಡರ್ ಸರಿಯಿದ್ದರೆ ಸ್ಟಾರ್ಟರನ್ನು ಎಡಕ್ಕೆ ತಿರುಗಿಸಿ ತೆಗೆದು, ಉರಿಯುವ ಪಟ್ಟಿಯಲ್ಲಿ ಹಾಕಿ ನೋಡಿ. ಅಲ್ಲಿ ಟ್ಯೂಬ್ ಹೊತ್ತಿದರೆ ಸ್ಟಾರ್ಟರ್ ನಿರಪರಾಧಿ. ಆಮೇಲೆ ಟ್ಯೂಬನ್ನೂ ಅಲ್ಲಿಗೇ ಒಯ್ದು ನೋಡಿ. ಅಲ್ಲಿ ಉರಿಯದಿದ್ದರೆ ಫಿಲಮೆಂಟ್ ಕಡಿದಿದೆ ಎಂದುಕೊಳ್ಳಬಹುದು. ಮಲ್ಟಿಮೀಟರ್ ಇರುವವರು ಒಂದೊಂದು ತುದಿಯ ಎರಡು ಪಿನ್ನುಗಳ ನಡುವೆ ಅಳೆಯಲಿ. ಒಳ್ಳೆಯ ಫಿಲಮೆಂಟ್ ಕೆಲವೇ ಓಮ್ ತೋರಿಸುತ್ತದೆ, ಕಡಿದದ್ದು ಏನನ್ನೂ ತೋರಿಸುವುದಿಲ್ಲ. ಒಂದು ಎಚ್ಚರಿಕೆ: ಫಿಲಮೆಂಟ್ ಕಡಿಯದಿದ್ದ ಮಾತ್ರಕ್ಕೆ ಟ್ಯೂಬ್ ಚೆನ್ನಾಗಿದೆ ಎಂದಾಗುವುದಿಲ್ಲ. ಅದರ ಮೇಲಿನ ಲೇಪ ತೀರಿಹೋಗಿದ್ದರೂ ಮೀಟರ್ ಸರಿಯೆಂದೇ ಹೇಳುತ್ತದೆ.

ಎರಡೂ ಪರೀಕ್ಷೆಯಲ್ಲಿ ಪಾಸಾದರೆ ಉಳಿದದ್ದು ಚೋಕ್ ಮತ್ತು ವೈರಿಂಗ್. ಇಲ್ಲಿ ಟೆಸ್ಟರಿಗೆ ಕೆಲಸ ಬರುತ್ತದೆ. ಟ್ಯೂಬ್, ಸ್ಟಾರ್ಟರ್ ಎರಡನ್ನೂ ತೆಗೆದಿಟ್ಟು ಸ್ವಿಚ್ ಹಾಕಿ, ಹೋಲ್ಡರುಗಳ ನಾಲ್ಕು ನಾಲಿಗೆಗಳಿಗೆ ಒಂದೊಂದಾಗಿ ಟೆಸ್ಟರ್ ತಾಗಿಸಿ. ನಾಲ್ಕರಲ್ಲಿ ಒಂದು ಕಡೆ ಮಾತ್ರ ಟೆಸ್ಟರ್ ಹೊತ್ತಬೇಕು, ಚೋಕಿನಿಂದ ಬಂದ ವೈರ್ ಕೂತಿರುವ ಕಡೆ. ಅಲ್ಲಿ ಹೊತ್ತದೆ, ಚೋಕಿನ ಈಚೆ ಬದಿಯಲ್ಲಿ ಹೊತ್ತಿದರೆ ಚೋಕಿನ ಸುರುಳಿ ಒಳಗೇ ಕಡಿದಿದೆ. ಚೋಕಿನ ಎರಡು ಬದಿಯಲ್ಲೂ ಹೊತ್ತಿ ಹೋಲ್ಡರಿನಲ್ಲಿ ಹೊತ್ತದಿದ್ದರೆ ನಡುವಿನ ವೈರ್ ಕಳಚಿದೆ. ಎಲ್ಲವೂ ಸರಿಯಿದ್ದೂ ದೀಪ ಇಲ್ಲವೆಂದರೆ ನ್ಯೂಟ್ರಲ್ ಮೇಲೆ ಕಣ್ಣಿಡಿ. ಚಾವಣಿಯಲ್ಲಿ ವೈರುಗಳನ್ನು ಕೂಡಿಸುವ ದುಂಡು ಡಬ್ಬಿಯಾದ ಸೀಲಿಂಗ್ ರೋಸ್‌ನೊಳಗೆ ಸ್ಕ್ರೂ ಸಡಿಲವಾಗಿ ನ್ಯೂಟ್ರಲ್ ಕಳಚಿಕೊಂಡಿರುತ್ತದೆ. ಕರೆಂಟ್ ಇರುವಾಗ ಮಾಡುವ ಈ ಪರೀಕ್ಷೆ ಕೈ ನಡುಗುವವರಿಗಲ್ಲ. ಧೈರ್ಯ ಬಾರದಿದ್ದರೆ ವೈರ್‌ಮನ್‌ನನ್ನು ಕರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ.

ತುದಿಗಳು ಕೆಂಪಗಿವೆ, ನಡುವೆ ಕತ್ತಲು

ಇದರಷ್ಟು ಸುಲಭವಾಗಿ ಗುರುತು ಸಿಗುವ ರೋಗ ಇನ್ನೊಂದಿಲ್ಲ. ಎರಡೂ ತುದಿಗಳು ಹೊತ್ತಿಕೊಂಡೇ ಇವೆ, ಮಿಣುಕುವುದಿಲ್ಲ, ನಡುವಿನ ಉದ್ದಕ್ಕೂ ಬೆಳಕಿಲ್ಲ. ಸ್ಟಾರ್ಟರಿನ ತಗಡು ಕಡ್ಡಿಗೆ ಅಂಟಿಕೊಂಡುಬಿಟ್ಟಿದೆ ಅಥವಾ ಅದರ ಪಕ್ಕದ ಸಣ್ಣ ಕೆಪಾಸಿಟರ್ ಶಾರ್ಟ್ ಆಗಿದೆ. ಕರೆಂಟು ಕಡಿಯುವುದೇ ಇಲ್ಲವಾದ್ದರಿಂದ ಚೋಕಿನ ಒದೆಯೂ ಬೀಳುವುದಿಲ್ಲ.

ತುದಿಗಳು ಕೆಂಪಗಿರುವಾಗಲೇ ಸ್ಟಾರ್ಟರನ್ನು ತಿರುಗಿಸಿ ಹೊರಕ್ಕೆಳೆಯಿರಿ. ಅದರ ಪ್ಲಾಸ್ಟಿಕ್ ಮೈ ಸಂಪೂರ್ಣವಾಗಿದ್ದರೆ ಮಾತ್ರ ಹೀಗೆ ಮಾಡಬೇಕು; ಅಲ್ಯೂಮಿನಿಯಂ ಡಬ್ಬಿಯ ಹಳೆಯ ಸ್ಟಾರ್ಟರಾದರೆ ಬೇಡ. ಎಳೆದ ಕ್ಷಣಕ್ಕೆ ಟ್ಯೂಬ್ ಪಳಕ್ಕನೆ ಹೊತ್ತಿಕೊಂಡರೆ ಸ್ಟಾರ್ಟರಿಗೇ ಕೊನೆ ಬಂದಿದೆ. ಸ್ಟಾರ್ಟರ್ ಮಾಡಬೇಕಿದ್ದ ಕೆಲಸವನ್ನು ನಿಮ್ಮ ಕೈ ಮಾಡಿತು, ಅಷ್ಟೇ. ಹೊಸ ಸ್ಟಾರ್ಟರಿಗೆ ಒಂದೆರಡು ಕಾಫಿಯ ದುಡ್ಡು. ಅಂದು ಅಂಗಡಿ ಮುಚ್ಚಿದ್ದರೆ ಆ ರಾತ್ರಿಯನ್ನು ಸ್ಟಾರ್ಟರ್ ಇಲ್ಲದೆಯೇ ಕಳೆಯಬಹುದು, ಆರಿಸದಿದ್ದರೆ ಆಯಿತು.

ತುದಿಗಳು ಹೀಗೆ ಕೆಂಪಗಿದ್ದಾಗ ನಾಳೆ ನೋಡೋಣ ಎಂದು ಬಿಟ್ಟುಬಿಡಬೇಡಿ. ಟ್ಯೂಬ್ ಉರಿಯುವಾಗ ಹರಿಯುವುದಕ್ಕಿಂತ ಹೆಚ್ಚು ಕರೆಂಟು ಆಗ ಫಿಲಮೆಂಟಿನಲ್ಲೂ ಚೋಕಿನಲ್ಲೂ ಬಿಡದೆ ಹರಿಯುತ್ತಿರುತ್ತದೆ. ಹತ್ತು ಹದಿನೈದು ರೂಪಾಯಿಯ ಸ್ಟಾರ್ಟರಿನ ಸೋಮಾರಿತನ ಟ್ಯೂಬನ್ನೂ ಚೋಕನ್ನೂ ಬಲಿ ತೆಗೆದುಕೊಳ್ಳುತ್ತದೆ.

ಸ್ಟಾರ್ಟರ್ ಕೊಳ್ಳುವಾಗ ಅದರ ಮೇಲೆ ಬರೆದಿರುವ ವಾಟ್ ನೋಡಿ. ಒಂಟಿ ನಾಲ್ಕಡಿ ಟ್ಯೂಬಿಗೆ 4ರಿಂದ 65 ವಾಟ್ ಎಂದು ಬರೆದದ್ದು ಆಗುತ್ತದೆ. ಒಂದೇ ಚೋಕಿಗೆ ಎರಡಡಿಯ ಎರಡು ಟ್ಯೂಬುಗಳನ್ನು ಸರಣಿಯಲ್ಲಿ ಜೋಡಿಸಿದ ಪಟ್ಟಿಯಾದರೆ ಪ್ರತಿ ಟ್ಯೂಬಿಗೂ 4ರಿಂದ 22 ವಾಟ್ ಎಂದು ಬರೆದ ಬೇರೆಯದೇ ಸ್ಟಾರ್ಟರ್ ಬೇಕು. ಅದು ತಿಳಿಯದೆ ಸ್ಟಾರ್ಟರ್ ಬದಲಿಸಿ ಬದಲಿಸಿ ಸೋತವರಿದ್ದಾರೆ.

ಮಿಣುಕುತ್ತಲೇ ಇರುವುದು

ತಲೆನೋವಿನ ರೋಗ ಇದೇ, ಎರಡೂ ಅರ್ಥದಲ್ಲಿ. ಕಾರಣಗಳು ನಾಲ್ಕೈದು, ನೋಡಲು ಎಲ್ಲವೂ ಒಂದೇ ಥರ.

ಮೊದಲು ಟ್ಯೂಬಿನ ತುದಿಗಳನ್ನು ನೋಡಿ. ಫಿಲಮೆಂಟಿನ ಮೇಲೆ ಬೇರಿಯಂ, ಸ್ಟ್ರಾಂಶಿಯಂನಂಥ ಲೋಹಗಳ ಆಕ್ಸೈಡಿನ ಲೇಪ ಇರುತ್ತದೆ. ಬಿಸಿಯಾದಾಗ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದು ಅದೇ. ಪ್ರತಿ ಸಲ ಹೊತ್ತುವಾಗ ಅದರಲ್ಲಿ ಚೂರು ಉದುರಿ ಗಾಜಿಗೆ ಅಂಟುತ್ತದೆ. ವರ್ಷಗಟ್ಟಲೆ ಹೀಗೆ ಅಂಟಿದ್ದೇ ನಾವು ಕಾಣುವ ಕಪ್ಪು. ಒಂದು ಅಂಗುಲಕ್ಕಿಂತ ಹೆಚ್ಚು ಉದ್ದಕ್ಕೆ ಒತ್ತಾಗಿ ಕಪ್ಪಾಗಿದ್ದು ದೀಪ ಮಿಣುಕುತ್ತಿದ್ದರೆ ಟ್ಯೂಬಿನ ಆಯುಸ್ಸು ಮುಗಿದಿದೆ. ಹೆಚ್ಚು ಗಂಟೆ ಉರಿಸುವುದಕ್ಕಿಂತ ಹೆಚ್ಚು ಸಲ ಹಾಕಿ ಆರಿಸುವುದರಿಂದ ಟ್ಯೂಬ್ ಬೇಗ ಸಾಯುತ್ತದೆ. ಬಚ್ಚಲುಮನೆಯ ಟ್ಯೂಬ್ ಜಗಲಿಯ ಟ್ಯೂಬಿಗಿಂತ ಮೊದಲು ಹೋಗುವುದು ಇದರಿಂದ.

ಒಂದು ತುದಿಯ ಲೇಪ ಪೂರ್ತಿ ತೀರಿ ಇನ್ನೊಂದರಲ್ಲಿ ಉಳಿದಿದ್ದರೆ ಟ್ಯೂಬ್ ಅರೆಮನಸ್ಸಿನಿಂದ ಉರಿಯುತ್ತದೆ: ಒಂದು ಕಡೆ ಕಿತ್ತಳೆ ಬಣ್ಣ, ಕಣ್ಣಿಗೆ ಕುಕ್ಕುವ ನಡುಕ. ಆಗ ಕರೆಂಟು ಒಂದೇ ದಿಕ್ಕಿಗೆ ಹೆಚ್ಚು ಹರಿದು ಚೋಕ್ ವಿಪರೀತ ಕಾಯುತ್ತದೆ. ಮಿಣುಕುವ ಟ್ಯೂಬನ್ನು ಹಾಗೆಯೇ ಬಿಟ್ಟು ಮಲಗುವ ಅಭ್ಯಾಸ ಒಳ್ಳೆಯದಲ್ಲ ಎಂದು ನಾನು ಹೇಳುವುದಕ್ಕೆ ಇದೇ ಕಾರಣ.

ತುದಿಗಳು ಬೆಳ್ಳಗಿದ್ದರೆ ಸ್ಟಾರ್ಟರನ್ನು ಉರಿಯುವ ಪಟ್ಟಿಗೆ ಒಯ್ದು ನೋಡಿ. ಅಲ್ಲಿಯೂ ಮಿಣುಕಿದರೆ ಅದೇ ಕಳ್ಳ. ಹಳೆಯ ಸ್ಟಾರ್ಟರಿನೊಳಗಿನ ಅನಿಲ ತನ್ನ ಗುಣ ಬದಲಿಸಿಕೊಂಡು ಕಡಿಮೆ ವೋಲ್ಟಿಗೇ ಮಿನುಗತೊಡಗುತ್ತದೆ. ಉರಿಯುತ್ತಿರುವ ಟ್ಯೂಬನ್ನೂ ಅದು ಮತ್ತೆ ಮತ್ತೆ ಆರಿಸಿ ಹೊತ್ತಿಸುತ್ತದೆ.

ಸ್ಟಾರ್ಟರ್, ಟ್ಯೂಬ್ ಎರಡೂ ಹೊಸದಾಗಿದ್ದೂ ಸಂಜೆ ಏಳಕ್ಕೆ ಮಿಣುಕಿ, ರಾತ್ರಿ ಹತ್ತರ ಮೇಲೆ ತಾನಾಗಿಯೇ ಸರಿಹೋಗುತ್ತದೆಯೇ? ಹಾಗಿದ್ದರೆ ನಿಮ್ಮ ಪಟ್ಟಿಯಲ್ಲಿ ದೋಷವಿಲ್ಲ, ವೋಲ್ಟೇಜ್ ಸಾಲುತ್ತಿಲ್ಲ. ತಾಮ್ರದ ಚೋಕಿನ (ತಂತಿ ಸುತ್ತಿದ ಹಳೆಯ ಬಗೆಯ) ಟ್ಯೂಬಿಗೆ 230ರ ಜಾಗದಲ್ಲಿ 180 ವೋಲ್ಟಿನ ಆಸುಪಾಸು ಬಂದರೆ ಹೊತ್ತಿಕೊಳ್ಳಲು ಒದ್ದಾಡುತ್ತದೆ. ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ತಿರುಗುವ ಹೊತ್ತಿಗೆ, ಟ್ರಾನ್ಸ್‌ಫಾರ್ಮರಿನಿಂದ ದೂರದ ಕಡೆಯ ಮನೆಗೆ ಇದು ನಿತ್ಯದ ಕಥೆ. ಇಲ್ಲಿ ಹೊಸ ಚೋಕ್ ಕೊಂಡು ಪ್ರಯೋಜನವಿಲ್ಲ. ಕಡಿಮೆ ವೋಲ್ಟೇಜಿನಲ್ಲೂ ಹೊತ್ತುವ ಎಲೆಕ್ಟ್ರಾನಿಕ್ ಚೋಕಿಗೋ ಎಲ್‌ಇಡಿಗೋ ಹೋಗುವುದೇ ಜಾಣತನ.

ಚಳಿಯೂ ಇದೇ ಆಟ ಆಡುತ್ತದೆ. ಟ್ಯೂಬಿನೊಳಗಿನ ಪಾದರಸ ಆವಿಯಾಗಿದ್ದರಷ್ಟೇ ಬೆಳಕು. ಡಿಸೆಂಬರಿನ ಮಡಿಕೇರಿಯ ಬೆಳಗಿನ ಜಾವದಲ್ಲಿ ಹೊರಗಿನ ಟ್ಯೂಬ್ ಮಂಕಾಗಿ, ನಿಧಾನವಾಗಿ ಎದ್ದರೆ ಅದನ್ನು ದೋಷವೆಂದು ಬಗೆಯಬೇಕಿಲ್ಲ.

ಇನ್ನೊಂದು ವಿಚಿತ್ರ ನಿಮ್ಮ ಮನೆಯಲ್ಲೂ ನಡೆದಿರಬಹುದು. ಹೊತ್ತಲು ಒದ್ದಾಡುವ ಟ್ಯೂಬನ್ನು ಕೈಯಿಂದ ಸವರಿದರೆ ಹೊತ್ತಿಕೊಳ್ಳುತ್ತದೆ. ಮನೆಯ ಹಿರಿಯರು ಅದನ್ನು ತಮ್ಮ ಕೈಗುಣವೆಂದು ಹೇಳಿಕೊಂಡು ಓಡಾಡಿದ್ದೂ ಉಂಟು. ಉದ್ದಕ್ಕೂ ನೆಲದ ಸಂಪರ್ಕದ ಲೋಹ ಹತ್ತಿರವಿದ್ದರೆ ಟ್ಯೂಬಿನೊಳಗಿನ ಅನಿಲ ಸುಲಭವಾಗಿ ಹೊತ್ತುತ್ತದೆ. ಕಬ್ಬಿಣದ ಪಟ್ಟಿಗೆ ಅರ್ಥ್ ಇದ್ದರೆ ಆ ಕೆಲಸ ಪಟ್ಟಿಯೇ ಮಾಡುತ್ತದೆ, ಇಲ್ಲದಿದ್ದಾಗ ನಿಮ್ಮ ಕೈ ಮಾಡುತ್ತದೆ. ಸವರಿದರೆ ಹೊತ್ತುವ ಟ್ಯೂಬ್ ಕಂಡರೆ ಪಟ್ಟಿಯ ಅರ್ಥ್ ವೈರನ್ನು ಹುಡುಕಿ. ಅರ್ಥ್ ಇಲ್ಲದ ಕಬ್ಬಿಣದ ಪಟ್ಟಿಯನ್ನು ಒದ್ದೆ ಕೈಯಿಂದ ಸವರುವ ಕೈಗುಣ ಬೇಡ.

ಹೊಸ ಟ್ಯೂಬಿನಲ್ಲಿ ಬೆಳಕು ಹಾವಿನಂತೆ ಸುತ್ತುತ್ತಿದ್ದರೆ ಗಾಬರಿ ಬೇಡ. ಕೆಲವು ಗಂಟೆ ಉರಿದ ಮೇಲೆ ನಿಲ್ಲುತ್ತದೆ. ನಿಲ್ಲದಿದ್ದರೆ ಟ್ಯೂಬನ್ನು ತುದಿ ಬದಲಿಸಿ ಹಾಕಿ, ಆಮೇಲೆ ಸ್ಟಾರ್ಟರ್.

ಹಾಕಿದ ಟ್ಯೂಬೆಲ್ಲ ಸುಡುವುದು

ನನ್ನ ಅಡುಗೆಮನೆಯ ರೋಗ. ಹೊಸ ಟ್ಯೂಬ್ ಒಮ್ಮೆ ಅತಿಯಾಗಿ ಮಿಂಚಿ ಸತ್ತರೆ, ತುದಿಗಳಲ್ಲಿ ಬೂದು ಬಣ್ಣದ ಹೊಗೆಯಂಥ ಕಲೆ ಕಂಡರೆ ಎರಡನೆಯ ಟ್ಯೂಬ್ ತರಲು ಹೊರಡಬೇಡಿ. ಚೋಕ್ ಶಾರ್ಟ್ ಆಗಿರಬೇಕು ಅಥವಾ ಯಾರೋ ವೈರಿಂಗ್ ಮಾಡುವಾಗ ಚೋಕನ್ನು ದಾಟಿ ಫೇಸನ್ನು ನೇರವಾಗಿ ಹೋಲ್ಡರಿಗೆ ಕೊಟ್ಟಿರಬೇಕು.

ಮೇನ್ ಆರಿಸಿ, ಚೋಕಿನ ಒಂದು ಬದಿಯ ವೈರ್ ಬಿಡಿಸಿ, ಮಲ್ಟಿಮೀಟರಿನಿಂದ ಓಮ್ ಅಳೆಯಿರಿ. 40 ವಾಟಿನ ತಾಮ್ರದ ಚೋಕ್ ಸಾಮಾನ್ಯವಾಗಿ 30ರಿಂದ 50 ಓಮ್‌ನ ನಡುವೆ ತೋರಿಸುತ್ತದೆ. ಅದಕ್ಕಿಂತ ತೀರ ಕಡಿಮೆ ಬಂದರೆ ಒಳಗಿನ ಸುತ್ತುಗಳು ಒಂದಕ್ಕೊಂದು ಅಂಟಿವೆ. ಸುತ್ತುಗಳು ಅಲ್ಲಲ್ಲಿ ಮಾತ್ರ ಅಂಟಿದ್ದರೆ ಮೀಟರಿನ ವ್ಯತ್ಯಾಸ ಸಣ್ಣದು. ಆಗ ನಡುಮನೆಯ ಒಳ್ಳೆಯ ಚೋಕನ್ನೂ ಅಳೆದು ಹೋಲಿಸಿ. ನಾನು ಅಳೆದಾಗ ನಡುಮನೆಯದು 38 ತೋರಿಸಿತು, ಅಡುಗೆಮನೆಯದು 4.

ಮೀಟರ್ ಇಲ್ಲದ ವೈರ್‌ಮನ್‌ಗಳು ಚೋಕಿನ ಸರಣಿಯಲ್ಲಿ ಹಳೆಯ ಕಾಲದ ತಂತಿ ಬಲ್ಬ್ ಹಾಕಿ ನೋಡುತ್ತಾರೆ. ಬಲ್ಬ್ ಹೊತ್ತದಿದ್ದರೆ ಚೋಕ್ ಕಡಿದಿದೆ, ಪೂರ್ತಿ ಬೆಳಗಿದರೆ ಶಾರ್ಟ್, ಮಂಕಾಗಿ ಬೆಳಗಿದರೆ ಸರಿ. ಇದಕ್ಕೆ 100 ವಾಟಿನ ಬಲ್ಬೇ ಬೇಕು. 60 ವಾಟಿನದರಲ್ಲಿ ಸರಿಯಿರುವ ಚೋಕಿಗೂ ಹೆಚ್ಚುಕಡಿಮೆ ಪೂರ್ತಿ ಬೆಳಕೇ ಬರುವುದರಿಂದ ಕಣ್ಣು ಮೋಸಹೋಗುತ್ತದೆ. ಸ್ಟಾರ್ಟರಿನ ಗೂಡಿನ ಎರಡು ಪಿನ್ನುಗಳನ್ನು ವೈರಿನ ತುಂಡಿನಿಂದ ತಾಗಿಸಿ ಟ್ಯೂಬ್ ಹೊತ್ತಿಸುವ ಇನ್ನೊಂದು ವಿದ್ಯೆಯೂ ಅವರಲ್ಲಿದೆ. ಅದು ಅವರಲ್ಲೇ ಇರಲಿ.

ಗುಂಯ್ ಎನ್ನುವ ಚೋಕ್, ಡಾಂಬರಿನ ವಾಸನೆ

ತಾಮ್ರದ ಚೋಕ್ ಎಂದರೆ ಕಬ್ಬಿಣದ ತೆಳು ತಗಡುಗಳ ಕಟ್ಟಿನ ಸುತ್ತ ಸುತ್ತಿದ ತಂತಿ. ತಗಡುಗಳ ಬಿಗಿ ಸಡಿಲಿದರೆ ಅವು ಸೆಕೆಂಡಿಗೆ 100 ಸಲ ಅದುರಿ ಗುಂಯ್ ಎನ್ನುತ್ತವೆ. ಅರ್ಧಕ್ಕರ್ಧ ಸಲ ಚೋಕನ್ನು ಪಟ್ಟಿಗೆ ಕೂರಿಸಿದ ಸ್ಕ್ರೂ ಬಿಗಿ ಮಾಡಿದರೆ ಸದ್ದು ಅಡಗುತ್ತದೆ. ಇಲ್ಲವೇ ಚೋಕ್ ಮತ್ತು ಪಟ್ಟಿಯ ನಡುವೆ ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು ಇಟ್ಟು ಬಿಗಿಯಿರಿ.

ಚೋಕ್ ಬೆಚ್ಚಗಿರುವುದು ಸಹಜ. ಅದೊಂದೇ ಹತ್ತು ವಾಟಿನಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ಪಟ್ಟಿಯ ಮೇಲೆ ಕೈ ಇಡಲಾಗದಷ್ಟು ಸುಟ್ಟರೆ, ಕಪ್ಪು ದ್ರವ ಜಿನುಗಿದ್ದರೆ, ಡಾಂಬರು ಕರಗಿದ ವಾಸನೆ ಬಂದರೆ ಆ ಪಟ್ಟಿಯ ಸ್ವಿಚ್ಚನ್ನು ಮತ್ತೆ ಮುಟ್ಟಬೇಡಿ. ಚೋಕ್ ಬದಲಿಸುವವರೆಗೆ ಕತ್ತಲಲ್ಲೇ ಇರಿ. ಟ್ಯೂಬ್ ಹಾಕಿದೊಡನೆ ಎಂಸಿಬಿ ಬಿದ್ದರೂ, ನೆಲಕ್ಕೆ ಸೋರುವ ಕರೆಂಟನ್ನು ಹಿಡಿಯುವ ಆರ್‌ಸಿಸಿಬಿ ಬಿದ್ದರೂ ಹೀಗೆಯೇ. ಬಿದ್ದದ್ದನ್ನು ಎತ್ತಿ ಎತ್ತಿ ಹಾಕುವುದು ಪರೀಕ್ಷೆಯಲ್ಲ.

ಆರಿಸಿದ ಮೇಲೂ ಕತ್ತಲಲ್ಲಿ ಟ್ಯೂಬ್ ನಸುಬೆಳಕು ಸೂಸುತ್ತಿದ್ದರೆ ಸ್ವಿಚ್ ನ್ಯೂಟ್ರಲ್‌ನಲ್ಲಿರುವ ಸಾಧ್ಯತೆ ಹೆಚ್ಚು. ಸ್ವಿಚ್ಚಿನೊಳಗೇ ಪುಟ್ಟ ಸೂಚಕ ದೀಪ ಇದ್ದರೂ ಹೀಗಾಗಬಹುದು. ಆರಿಸಿದ ಮೇಲೆ ಒಂದೆರಡು ನಿಮಿಷ ಒಳಗಿನ ಬಿಳಿ ಪುಡಿ ಮಿಣುಕುವುದು ಬೇರೆ, ಅದು ತಾನೇ ಆರುತ್ತದೆ.

ಎಲೆಕ್ಟ್ರಾನಿಕ್ ಚೋಕ್ ಇದ್ದರೆ

ಪಟ್ಟಿಯಲ್ಲಿ ಸ್ಟಾರ್ಟರ್ ಇಲ್ಲ, ಚೋಕಿಗೆ ಒಳಬರುವ ವೈರ್ ಎರಡು, ಹೊರಹೋಗುವುದು ನಾಲ್ಕು. ತೆಳ್ಳನೆಯ 28 ವಾಟಿನ ಟ್ಯೂಬುಗಳಿಗೆ ಇದೇ ಇರುತ್ತದೆ. ಇಲ್ಲಿ ಹುಡುಕಾಟ ಚಿಕ್ಕದು: ಟ್ಯೂಬನ್ನು ಅದೇ ಬಗೆಯ ಇನ್ನೊಂದು ಪಟ್ಟಿಯಲ್ಲಿ ನೋಡಿ; ಅಲ್ಲಿ ಉರಿದರೆ, ಹೋಲ್ಡರ್ ಸರಿಯಿದ್ದರೆ, ಚೋಕ್ ಬದಲಿಸಿ. ಮಳೆಗಾಲದ ಮೊದಲ ಗುಡುಗಿನ ರಾತ್ರಿಯ ಮರುದಿನ ಇವು ಸಾಲಾಗಿ ಸತ್ತಿರುತ್ತವೆ. ಅಡುಗೆಮನೆಗೆ ನಾನು ಹುಡುಕಿಕೊಂಡು ಹೋಗಿ ಮತ್ತೆ ತಾಮ್ರದ ಚೋಕನ್ನೇ ತಂದದ್ದು ಈ ಸಿಡಿಲಿನ ಭಯದಿಂದ. ಕರೆಂಟು ಹೆಚ್ಚು ತಿನ್ನುತ್ತದೆ, ನಿಜ, ಆದರೆ ಸಿಡಿಲಿಗೆ ಅಷ್ಟು ಬೇಗ ಮಣಿಯುವುದಿಲ್ಲ.

ಮುಂದಿನ ಸಲ ಹೀಗೆ ಚೋಕ್ ಹುಡುಕಿ ತರಲು ಸಾಧ್ಯವಾಗದಿರಬಹುದು. ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದದ 2023ರ ಸಭೆಯಲ್ಲಿ ಸಾಮಾನ್ಯ ಬೆಳಕಿನ ಉದ್ದ ಟ್ಯೂಬುಗಳ ತಯಾರಿಕೆ ಮತ್ತು ವ್ಯಾಪಾರವನ್ನು 2027ರ ಹೊತ್ತಿಗೆ ನಿಲ್ಲಿಸಲು ತೀರ್ಮಾನವಾಗಿದೆ. ಭಾರತವೂ ಆ ಒಪ್ಪಂದಕ್ಕೆ ಸೇರಿದ ದೇಶ. ಚೋಕ್ ಹೋದ ಹಳೆಯ ಪಟ್ಟಿಗೆ ಹಣ ಹಾಕುವ ಮೊದಲು ಈ ಲೆಕ್ಕವನ್ನೂ ಹಾಕಿ. 40 ವಾಟ್ ಟ್ಯೂಬ್ ಚೋಕಿನೊಂದಿಗೆ 50 ವಾಟ್ ದಾಟುತ್ತದೆ, ಅದೇ ಕೋಣೆಗೆ 20 ವಾಟಿನ ಎಲ್‌ಇಡಿ ಸಾಕು. ಹಳೆಯ ಪಟ್ಟಿಯಲ್ಲೇ ಎಲ್‌ಇಡಿ ಟ್ಯೂಬ್ ಕೂರಿಸುವುದಾದರೆ ಸ್ಟಾರ್ಟರನ್ನು ಮೊದಲು ತೆಗೆಯಿರಿ. ಟ್ಯೂಬಿನ ಜೊತೆ ಬಂದ ಚಿತ್ರ ನೋಡಿ, ಫೇಸ್ ಮತ್ತು ನ್ಯೂಟ್ರಲ್ ಒಂದೇ ತುದಿಗೋ ಎರಡು ತುದಿಗೋ ಎಂದು ತಿಳಿದುಕೊಂಡೇ ವೈರ್ ಕೊಡಿ. ಒಂದೇ ತುದಿಯ ಟ್ಯೂಬಾದರೆ ಇನ್ನೊಂದು ಹೋಲ್ಡರಿನ ವೈರುಗಳನ್ನು ಕತ್ತರಿಸಿ ಟೇಪ್ ಸುತ್ತಿಡಿ; ಹಾಗೆ ಮಾಡಿದ್ದರೂ ಅದನ್ನು ತಿರುಗಿಸಿ ಹಾಕಿದರೆ ಶಾರ್ಟ್ ಆಗಬಹುದು.

ಕೆಟ್ಟ ಟ್ಯೂಬನ್ನು ಹಿತ್ತಿಲಿನಲ್ಲಿ ಒಡೆಯುವ ಮಕ್ಕಳಾಟಕ್ಕೆ ಬಿಡಬೇಡಿ. ಒಳಗೆ ಕೆಲವು ಮಿಲಿಗ್ರಾಮ್ ಪಾದರಸವಿದೆ. ಕೈತಪ್ಪಿ ಒಡೆದರೆ ಕಿಟಕಿ ಬಾಗಿಲು ತೆರೆದು ಕಾಲು ಗಂಟೆ ಹೊರಗಿದ್ದು, ಪೊರಕೆ ಮುಟ್ಟದೆ, ಗಟ್ಟಿ ಕಾಗದದಿಂದ ಚೂರುಗಳನ್ನು ಬಳಿದು, ಪುಡಿಯನ್ನು ಒದ್ದೆ ಕಾಗದದಿಂದ ಒತ್ತಿ ತೆಗೆದು, ಎಲ್ಲವನ್ನೂ ಮುಚ್ಚಳದ ಡಬ್ಬಿಗೆ ಹಾಕಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ನಾನು ಸುಟ್ಟ ಎರಡು ಟ್ಯೂಬುಗಳನ್ನು ಹಾಗೆ ಕೊಡಲೆಂದೇ ಅಟ್ಟದಲ್ಲಿಟ್ಟಿದ್ದೆ. ಅಡುಗೆಮನೆಯ ಕೆಲಸಕ್ಕೆ ಬಂದಿದ್ದ ನಮ್ಮೂರಿನ ವೈರ್‌ಮನ್ ಅವುಗಳ ತುದಿ ನೋಡಿ, "ಲೇಪ ಹಾಗೆಯೇ ಇದೆ, ತಂತಿ ಮಾತ್ರ ಕಡಿದಿದೆ ಭಟ್ರೇ, ಎಸೆಯಬೇಡಿ" ಎಂದ. ಹೊಸದಾಗಿ ಕೊಂಡಿದ್ದ ಟ್ಯೂಬಿನ ಪ್ರತಿ ತುದಿಯ ಎರಡು ಪಿನ್ನುಗಳನ್ನು ತಂತಿಯಿಂದ ಕೂಡಿಸಿ, ತನ್ನ ಚೀಲದಲ್ಲಿದ್ದ ಎಲೆಕ್ಟ್ರಾನಿಕ್ ಚೋಕಿಗೆ ಕೊಟ್ಟ. ಫಿಲಮೆಂಟನ್ನು ಕಾಯಿಸದೆಯೇ ಹೆಚ್ಚಿನ ಆವೃತ್ತಿಯ ವೋಲ್ಟೇಜಿನಿಂದ ಟ್ಯೂಬನ್ನು ಹೊತ್ತಿಸುವ ಚೋಕುಗಳಿಗೆ ಅಷ್ಟೇ ಸಾಕಂತೆ. ಈಗ ಅದು ಜಗಲಿಯಲ್ಲಿ ಉರಿಯುತ್ತಿದೆ. ಅಲ್ಲಿದ್ದ ಒಳ್ಳೆಯ ಟ್ಯೂಬು ನಡುಮನೆಗೆ ಬಂದಿದೆ. ನಾನು ಊರಿಗೆ ಹೋದಾಗಲೆಲ್ಲ ಅಮ್ಮ ಸ್ಟೂಲನ್ನು ಕೊಟ್ಟಿಗೆಯಲ್ಲಿ ಇಟ್ಟಿರುತ್ತಾಳೆ.